ಕಿಟಕಿ ಎಸಿ: ಕೊಳ್ಳುವ ಮೊದಲು ಗೋಡೆ ಅಳೆಯಿರಿ

ನನ್ನ ಮೊದಲ ಕಿಟಕಿ ಎಸಿ ಎರಡು ಬೇಸಿಗೆ ಬರೀ ಸದ್ದು ಮಾಡಿತು. ಕೋಣೆ ತಂಪಾಗಲಿಲ್ಲ. ಮೆಕ್ಯಾನಿಕ್ ಬಂದ, ಮುಂದಿನ ಜಾಲರಿಗೆ ಕೈಯೊಡ್ಡಿ ನೋಡಿದ, "ಗ್ಯಾಸ್ ಹೋಗಿದೆ ಸರ್, ತುಂಬಿಸಿದ್ರೆ ಸರಿ ಹೋಗುತ್ತೆ" ಅಂದ. ತುಂಬಿಸಿದೆ. ಮರುವರ್ಷವೂ ಅದೇ ಮಾತು, ಅದೇ ಖರ್ಚು. ಮೂರನೇ ಬೇಸಿಗೆಯಲ್ಲಿ ವೈರಿಂಗ್ ಕೆಲಸಕ್ಕೆಂದು ಬಂದ ಹಿರಿಯರೊಬ್ಬರು ಹೊರಗಡೆ ಹೋಗಿ ನಿಂತು, ಎಸಿಯ ಬೆನ್ನು ನೋಡಿ, "ಇದಕ್ಕೆ ಮೂಗು ಮುಚ್ಚಿದ್ದೀರಲ್ಲ" ಅಂದರು. ನಿಜವೇ. ಪೆಟ್ಟಿಗೆಯ ಎರಡೂ ಬದಿಗೆ ಇರುವ ಸೀಳು ಕಿಂಡಿಗಳು ಗೋಡೆಯ ದಪ್ಪದೊಳಗೆ ಹೂತುಹೋಗಿದ್ದವು. ಕೆಳಗೆ ಕಬ್ಬಿಣದ ಆಂಗಲ್ ಕೊಟ್ಟು ಯಂತ್ರವನ್ನು ಒಂದು ಗೇಣು ಹೊರಕ್ಕೆ ಎಳೆದೆವು. ಅಂದು ರಾತ್ರಿ ಹೊದಿಕೆ ಹುಡುಕಬೇಕಾಯಿತು.

ಆ ಎರಡು ವರ್ಷ ಕಲಿಸಿದ್ದು ಇಷ್ಟು: ಎಸಿ ಅನ್ನುವುದು ಹೊರೆ ಹೊರುವ ಯಂತ್ರ. ಕೋಣೆಯೊಳಗಿನ ಶಾಖವನ್ನೂ ನೀರನ್ನೂ ಹೊತ್ತು ಹೊರಗೆ ಚೆಲ್ಲುತ್ತದೆ. ಚೆಲ್ಲಲು ಜಾಗವಿಲ್ಲದಿದ್ದರೆ ಎಷ್ಟು ಒಳ್ಳೆಯ ಯಂತ್ರವಾದರೂ ಹೊತ್ತುಕೊಂಡು ನಿಂತಲ್ಲೇ ಏದುಸಿರು ಬಿಡುತ್ತದೆ. ಕೊಳ್ಳುವಾಗ, ಕೂರಿಸುವಾಗ, ಕೆಟ್ಟಾಗ ಪ್ರತಿ ಸಲವೂ ಕೇಳಬೇಕಾದ ಪ್ರಶ್ನೆ ಒಂದೇ, ಶಾಖ ಸರಾಗವಾಗಿ ಹೊರಗೆ ಹೋಗುತ್ತಿದೆಯೇ?

ಪೆಟ್ಟಿಗೆಯೊಳಗೆ ಏನಿದೆ ಎಂದು ಒಮ್ಮೆ ಕಣ್ಣಿಗೆ ಕಟ್ಟಿಕೊಳ್ಳಿ, ಮುಂದಿನದೆಲ್ಲ ಸುಲಭ. ನಡುವೆ ಒಂದು ಅಡ್ಡಗೋಡೆ. ಈಚೆಗೆ ತಣ್ಣನೆಯ ಕಾಯಿಲ್, ಆಚೆಗೆ ಬಿಸಿ ಕಾಯಿಲ್ (ಎರಡೂ ಅನಿಲ ಹರಿಯುವ ಪೈಪಿನ ಸುರುಳಿಗಳು) ಮತ್ತು ಆ ಅನಿಲವನ್ನು ಒತ್ತಿ ಸುತ್ತಿಸುವ ಕಂಪ್ರೆಸರ್. ಹೆಚ್ಚಿನ ಮಾದರಿಗಳಲ್ಲಿ ಒಂದೇ ಮೋಟರ್‌ನ ಶಾಫ್ಟ್ ಎರಡೂ ಕಡೆ ಚಾಚಿರುತ್ತದೆ. ಮುಂದಿನ ತುದಿಯಲ್ಲಿ ಬ್ಲೋವರ್, ಹಿಂದಿನ ತುದಿಯಲ್ಲಿ ಫ್ಯಾನ್. ಕೋಣೆಯ ಗಾಳಿ ಫಿಲ್ಟರ್ ದಾಟಿ, ತಣ್ಣನೆಯ ಕಾಯಿಲ್ ಮೇಲೆ ಹಾದು ಕೋಣೆಗೇ ಮರಳುತ್ತದೆ. ಹೊರಗಿನ ಗಾಳಿ ಬದಿಯ ಕಿಂಡಿಗಳಿಂದ ಒಳಹೊಕ್ಕು, ಬಿಸಿ ಕಾಯಿಲ್ ಮೂಲಕ ಹಿಂದಕ್ಕೆ ನುಗ್ಗುತ್ತದೆ. ಎರಡೂ ಗಾಳಿ ಬೇರೆ ಬೇರೆ. ಕಿಟಕಿಯಲ್ಲಿ ಕೂತಿದೆ ಎಂದಮಾತ್ರಕ್ಕೆ ಅದು ಹೊರಗಿನ ತಾಜಾ ಗಾಳಿ ತಂದುಕೊಡುತ್ತದೆ ಎಂದುಕೊಂಡವರು ಬಹಳ ಜನ. ಕೆಲವು ಮಾದರಿಗಳಲ್ಲಿ 'ವೆಂಟ್' ಎಂಬ ಸಣ್ಣ ಹಿಡಿ ಇರುತ್ತದೆ, ಅದನ್ನು ತೆರೆದಾಗ ಒಂದಿಷ್ಟು ಗಾಳಿ ಅದಲುಬದಲಾಗುತ್ತದೆ, ಅಷ್ಟೇ. ಸಾಮಾನ್ಯವಾಗಿ ಅದು ಮುಚ್ಚಿಯೇ ಇರಲಿ. ನಾಲ್ಕಾರು ಜನ ಮಲಗುವ ಕೋಣೆಯಾದರೆ ಮಲಗುವ ಮುನ್ನ ಹತ್ತು ನಿಮಿಷ ಬಾಗಿಲು ಕಿಟಕಿ ತೆರೆದಿಟ್ಟು ಗಾಳಿಯಾಡಿಸಿ.

ಮೊದಲ ಹೆಜ್ಜೆ: ಟೇಪು ಹಿಡಿಯಿರಿ

ಅಂಗಡಿಗೆ ಹೋಗುವ ಮುನ್ನ ನಾಲ್ಕು ವಿಷಯ ಚೀಟಿಯಲ್ಲಿ ಬರೆದುಕೊಳ್ಳಿ. ಕಿಟಕಿಯ ತೆರಪಿನ ಅಗಲ, ಎತ್ತರ, ಗೋಡೆಯ ದಪ್ಪ, ಮತ್ತು ಹಿಂದೆ ಎಷ್ಟು ಬಯಲಿದೆ ಎಂಬುದು. ಅಗಲ ಎತ್ತರವನ್ನು ಎಲ್ಲರೂ ಅಳೆಯುತ್ತಾರೆ. ಕೆಡುವುದು ಉಳಿದೆರಡರಲ್ಲಿ.

ಒಂದೂವರೆ ಟನ್ನಿನ ಯಂತ್ರ ಸುಮಾರು 66 ಸೆಂಟಿಮೀಟರ್ ಅಗಲ, 43 ಸೆಂಟಿಮೀಟರ್ ಎತ್ತರ ಇರುತ್ತದೆ. ಆಳ ಮಾತ್ರ ಮಾದರಿಯಿಂದ ಮಾದರಿಗೆ ಬಹಳ ಬದಲಾಗುತ್ತದೆ, 60ರಿಂದ 80 ಸೆಂಟಿಮೀಟರ್‌ವರೆಗೂ. ಅಂಗಡಿಯಲ್ಲಿ ಯಂತ್ರದ ಪಕ್ಕಕ್ಕೆ ಹೋಗಿ, ಮುಂದಿನ ಮುಖದಿಂದ ಬದಿಯ ಕಿಂಡಿಗಳು ಎಷ್ಟು ದೂರದಲ್ಲಿ ಶುರುವಾಗುತ್ತವೆ ಎಂದು ಅಳೆಯಿರಿ. ಆ ದೂರ ನಿಮ್ಮ ಗೋಡೆಯ ದಪ್ಪಕ್ಕಿಂತ ಹೆಚ್ಚಿರಬೇಕು. ಕಡಿಮೆಯಿದ್ದರೆ ಮಾದರಿ ಬದಲಿಸಿ, ಇಲ್ಲವೇ ಯಂತ್ರವನ್ನು ಹೊರಕ್ಕೆ ಚಾಚಿ ಕೂರಿಸುವ ಏರ್ಪಾಡು ಮಾಡಿಕೊಳ್ಳಿ. ಮಾರುವವರು ಇದನ್ನು ತಾವಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಹಿಂದೆ ಕನಿಷ್ಠ ಅರ್ಧ ಮೀಟರಾದರೂ ತೆರೆದ ಜಾಗ ಬೇಕು. ಗಾಜು ಹಾಕಿ ಮುಚ್ಚಿದ ಬಾಲ್ಕನಿ, ಮೆಟ್ಟಿಲ ಸಂದಿ, ಪಕ್ಕದ ಕೋಣೆ, ಇವು ಯಾವುವೂ ಆಗದು. ಲೆಕ್ಕ ನೋಡಿ: ಒಂದು ಟನ್ನಿನ ಯಂತ್ರ ಒಳಗಿನಿಂದ ಸುಮಾರು 3,500 ವಾಟ್ ಶಾಖ ಎತ್ತುತ್ತದೆ, ತಾನು ನುಂಗಿದ ಸಾವಿರದಷ್ಟು ವಾಟ್ ವಿದ್ಯುತ್ತೂ ಕೊನೆಗೆ ಶಾಖವೇ. ಒಟ್ಟು ನಾಲ್ಕೂವರೆ ಸಾವಿರ ವಾಟ್ ಹಿಂದಿನಿಂದ ಸುರಿಯುತ್ತದೆ. ನೀರು ಕಾಯಿಸುವ ದೊಡ್ಡ ಗೀಸರ್ ಎರಡನ್ನು ಬಾಲ್ಕನಿಯಲ್ಲಿ ಹಚ್ಚಿಟ್ಟ ಹಾಗೆ.

ಕಿಟಕಿಯ ಜಾತಿಯನ್ನೂ ಗಮನಿಸಿ. ಮೇಲೆ ಕೆಳಗೆ ಜಾರುವ ಕಿಟಕಿಗೆ ಸಣ್ಣ ಯಂತ್ರಗಳು ತಮ್ಮದೇ ಮಡಿಕೆ ಪಟ್ಟಿಗಳೊಂದಿಗೆ ಬರುತ್ತವೆ. ಪಕ್ಕಕ್ಕೆ ಜಾರುವುದೋ ಕೀಲಿನ ಮೇಲೆ ತೆರೆಯುವುದೋ ಆದರೆ ಒಂದು ಪಾಲನ್ನು ತೆಗೆದು ಪ್ಲೈವುಡ್ ಅಥವಾ ಅಕ್ರಿಲಿಕ್ ಹಾಳೆಯಿಂದ ಉಳಿದ ಜಾಗ ಮುಚ್ಚಬೇಕಾಗುತ್ತದೆ. ಕಂಬಿಗಳಿದ್ದರೆ ಕತ್ತರಿಸಬೇಕು. ಬಾಡಿಗೆ ಮನೆಯಾದರೆ ಮನೆ ಮಾಲೀಕರ ಒಪ್ಪಿಗೆ ಮೊದಲು, ಯಂತ್ರ ಆಮೇಲೆ. ಒಂದು ಕಿಟಕಿಯ ಬೆಳಕು ಕಾಯಂ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೋಣೆಗೆ ಇರುವುದೇ ಒಂದು ಕಿಟಕಿ ಅಂದರೆ ನಾನು ಬೇಡ ಅನ್ನುತ್ತೇನೆ.

ಎಷ್ಟು ಟನ್ ಬೇಕು?

ಟನ್ ಅಂದರೆ ಯಂತ್ರದ ತೂಕವಲ್ಲ. ಮಂಜುಗಡ್ಡೆಯ ಕಾಲದ ಅಳತೆ ಅದು. 2,000 ಪೌಂಡ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು. ಗಂಟೆಗೆ 12,000 ಬಿಟಿಯು (ಶಾಖ ಅಳೆಯುವ ಹಳೆಯ ಬ್ರಿಟಿಷ್ ಮಾನ), ನಮ್ಮ ಲೆಕ್ಕದಲ್ಲಿ ಸುಮಾರು 3.5 ಕಿಲೋವಾಟ್.

ಶಾಖ ತಡೆಯುವ ಗೋಡೆ, ಚಾವಣಿ ಇರುವ ಮನೆಗೆ ಚದರಡಿಗೆ 20 ಬಿಟಿಯು ಸಾಕು ಎಂಬ ಹಳೆಯ ಸೂತ್ರವಿದೆ. ಬಿಸಿಲಿಗೆ ಬಿದ್ದ ಕಾಂಕ್ರೀಟ್ ತಾರಸಿಯ ಕೆಳಗಿನ ಕೋಣೆಗೆ ಅದು ಏನೇನೂ ಸಾಲದು. ಅಲ್ಲಿ 100ರಿಂದ 120 ಚದರಡಿಗೆ ಒಂದು ಟನ್, 150ರಿಂದ 180ಕ್ಕೆ ಒಂದೂವರೆ ಟನ್ ಎಂದು ಹಿಡಿಯುವುದು ವಾಡಿಕೆ. ಈ ಎರಡು ಅಂದಾಜುಗಳ ನಡುವಿನ ಅಂತರ ನೋಡಿದರೇ ಗೊತ್ತಾಗುತ್ತದೆ, ಬರೀ ಚದರಡಿ ಹೇಳಿ ಯಂತ್ರ ಕೊಳ್ಳುವುದು ಎಷ್ಟು ಕುರುಡು ಕೆಲಸ ಎಂದು.

ಅದಕ್ಕೆ ನಾನು ಶಾಖ ಬರುವ ದಾರಿಗಳನ್ನು ಎಣಿಸುತ್ತೇನೆ. ಸುಮ್ಮನೆ ಕೂತ ಮನುಷ್ಯ ಸುಮಾರು 100 ವಾಟ್ ಶಾಖ ಬಿಡುತ್ತಾನೆ. ಕಂಪ್ಯೂಟರ್ ಒಂದು ಇನ್ನೂರು. ಪಡುವಣದ ಗಾಜಿನ ಕಿಟಕಿಯೇ ದೊಡ್ಡ ಕಳ್ಳ. ಇಳಿಬಿಸಿಲು ನೇರವಾಗಿ ಬೀಳುವಾಗ ಚದರ ಮೀಟರಿಗೆ 500 ವಾಟ್ ಒಳನುಗ್ಗಿದರೂ ಆಶ್ಚರ್ಯವಿಲ್ಲ. ಎರಡು ಚದರ ಮೀಟರ್ ಗಾಜು ಅಂದರೆ ಸಾವಿರ ವಾಟ್, ಕಾಲು ಟನ್ನಿಗಿಂತ ಹೆಚ್ಚು. ದೊಡ್ಡ ಯಂತ್ರ ತರುವ ಮೊದಲು ಆ ಕಿಟಕಿಯ ಹೊರಗೆ ಒಂದು ಚಪ್ಪರವನ್ನೋ ಬಿದಿರಿನ ತಟ್ಟಿಯನ್ನೋ ಇಳಿಬಿಡಿ. ಒಳಗಿನ ಪರದೆಗಿಂತ ಹೊರಗಿನ ನೆರಳು ಎಷ್ಟೋ ಮೇಲು. ಪರದೆ ಬಿಸಿಲನ್ನು ತಡೆಯುವ ಹೊತ್ತಿಗೆ ಅದು ಆಗಲೇ ಒಳಗೆ ಬಂದಾಗಿರುತ್ತದೆ.

"ಇರಲಿ, ಸ್ವಲ್ಪ ದೊಡ್ಡದೇ ತಗೊಳ್ಳೋಣ" ಎಂಬ ಮಾತಿಗೆ ಬೀಳಬೇಡಿ. ದೊಡ್ಡ ಯಂತ್ರ ಐದು ನಿಮಿಷದಲ್ಲಿ ಗಾಳಿ ತಣಿಸಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಗಾಳಿಯಲ್ಲಿನ ತೇವ ಹೋಗುವುದಕ್ಕೆ ಕಾಯಿಲ್ ತುಂಬ ಹೊತ್ತು ತಣ್ಣಗಿರಬೇಕು. ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಕಾಯಿಲ್ ಮೇಲೆ ಕೂತ ನೀರೂ ಫ್ಯಾನಿನ ಗಾಳಿಗೆ ಮತ್ತೆ ಆವಿಯಾಗಿ ಕೋಣೆಗೇ ಬರುತ್ತದೆ. ಫಲ: ತಣ್ಣಗಿದೆ, ಆದರೆ ಹಾಸಿಗೆ ಜಿಗುಟು, ಗೋಡೆಗೆ ಬೂಸಲು. ಕರಾವಳಿಯಂಥ ತೇವದ ಹವೆಯಲ್ಲಿ ಇದು ಇನ್ನೂ ಹೆಚ್ಚು. ಒಂದು ಲೀಟರ್ ನೀರನ್ನು ಗಾಳಿಯಿಂದ ಒಂದು ಗಂಟೆಯಲ್ಲಿ ಇಳಿಸಬೇಕಾದರೆ ಯಂತ್ರದ ಶಕ್ತಿಯಲ್ಲಿ ಸುಮಾರು 680 ವಾಟ್ ಅದಕ್ಕೇ ಹೋಗುತ್ತದೆ. ಥರ್ಮಾಮೀಟರ್ ಇಳಿಯದಿದ್ದರೂ ಒಳಗೆ ಕೆಲಸ ನಡೆದೇ ಇರುತ್ತದೆ.

ಲೇಬಲ್ ಓದುವುದು

ನಕ್ಷತ್ರಗಳನ್ನು ನೋಡಿ, ಜತೆಗೆ ನೀವೇ ಒಂದು ಭಾಗಾಕಾರ ಮಾಡಿ. ಬಿಟಿಯು ಸಂಖ್ಯೆಯನ್ನು ಯಂತ್ರ ಎಳೆಯುವ ವಾಟ್‌ನಿಂದ ಭಾಗಿಸಿದರೆ ಇಇಆರ್ ಎಂಬ ದಕ್ಷತೆಯ ಅಳತೆ ಸಿಗುತ್ತದೆ. 12,000 ಬಿಟಿಯು, 1,100 ವಾಟ್ ಆದರೆ ಸುಮಾರು 10.9. ಎರಡು ಯಂತ್ರಗಳಲ್ಲಿ ಯಾವುದರದು ಹೆಚ್ಚೋ ಅದು ಅಷ್ಟೇ ಕೆಲಸಕ್ಕೆ ಕಡಿಮೆ ಕರೆಂಟು ತಿನ್ನುತ್ತದೆ. ಈ ಅಂಕಿಗಳನ್ನು ಸಾಮಾನ್ಯವಾಗಿ ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇರುವಾಗ ಅಳೆದಿರುತ್ತಾರೆ. ಹೊರಗೆ 45 ಆದಾಗ ಯಂತ್ರದ ಬಲ ಕುಗ್ಗುತ್ತದೆ, ಕರೆಂಟು ಏರುತ್ತದೆ. ಕಡುಬಿಸಿಲಿನ ಜಾಗದವರು ಲೆಕ್ಕಕ್ಕಿಂತ ಕಾಲು ಟನ್ ಹೆಚ್ಚು ಹಿಡಿದರೆ ತಪ್ಪಿಲ್ಲ.

ಇನ್ವರ್ಟರ್ ಎಸಿ, ಅಂದರೆ ಕಂಪ್ರೆಸರ್‌ನ ವೇಗ ಬದಲಿಸಬಲ್ಲ ಮಾದರಿ, ಬೇಕೇ? ದಿನಕ್ಕೆ ಎಂಟು ಹತ್ತು ಗಂಟೆ ಓಡಿಸುವವರಿಗೆ ಬೇಕು. ಕಂಪ್ರೆಸರ್ ಆನ್-ಆಫ್ ಆಗುವ ಬದಲು ನಿಧಾನವಾಗಿ ಓಡುತ್ತಲೇ ಇರುತ್ತದೆ, ಸದ್ದೂ ಕಡಿಮೆ, ತೇವವೂ ಚೆನ್ನಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನ, ದಿನಕ್ಕೆ ಎರಡು ಗಂಟೆ ಅನ್ನುವವರಿಗೆ ಸಾದಾ ಯಂತ್ರವೇ ಸಾಕು. ಕೆಟ್ಟರೆ ರಿಪೇರಿಯೂ ಸುಲಭ.

ಒಳಗಿನ ಅನಿಲ ಯಾವುದು ಎಂದೂ ನೋಡಿ. ಹಳೆಯ ಆರ್-22 ಓಜೋನ್ ಪದರಕ್ಕೆ ಕೆಡುಕು ಎಂದು 1987ರ ಮಾಂಟ್ರಿಯಲ್ ಒಪ್ಪಂದದ ಹಾದಿಯಲ್ಲಿ ತೆರೆಮರೆಗೆ ಸರಿಯುತ್ತಿದೆ. ಈಗ ಕಾಣುವುದು ಆರ್-410ಎ, ಆರ್-32, ಆರ್-290. ಕೊನೆಯದು ಪ್ರೊಪೇನ್, ಬೆಂಕಿ ಹಿಡಿಯುವಂಥದ್ದು. ಆರ್-32 ಕೂಡ ಸ್ವಲ್ಪ ಮಟ್ಟಿಗೆ ಉರಿಯಬಲ್ಲದು. ಹಾಗೆಂದು ಹೆದರಬೇಕಿಲ್ಲ, ಆದರೆ ಇಂಥ ಯಂತ್ರದ ಪೈಪಿಗೆ ಬೆಸುಗೆ ಹಾಕುವ ಕೆಲಸ ಅದನ್ನು ಬಲ್ಲವರದ್ದೇ ಆಗಿರಬೇಕು.

ಇನ್ನೆರಡು ಸಣ್ಣ ಸಂಗತಿ. ಚಾಸಿ, ಅಂದರೆ ಪೆಟ್ಟಿಗೆಯೊಳಗಿನ ಯಂತ್ರಭಾಗ, ಮುಂದಕ್ಕೆ ಜಾರಿ ಹೊರಬರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ, ತೊಳೆಯುವ ದಿನ ನೆನೆಸಿಕೊಳ್ಳುತ್ತೀರಿ. ಫಿಲ್ಟರನ್ನು ಅಂಗಡಿಯಲ್ಲೇ ಒಮ್ಮೆ ಕೈಯಾರೆ ತೆಗೆದು ಹಾಕಿ ನೋಡಿ. ಅಲ್ಲೇ ತ್ರಾಸಾದರೆ ಮನೆಯಲ್ಲಿ ತೆಗೆಯುವುದೇ ಇಲ್ಲ.

ಕರೆಂಟಿನ ಏರ್ಪಾಡು

ಒಂದೂವರೆ ಟನ್ನಿನ ಯಂತ್ರ 230 ವೋಲ್ಟ್‌ನಲ್ಲಿ ಏಳೆಂಟು ಆಂಪಿಯರ್ ಎಳೆಯುತ್ತದೆ. ಸಾದಾ ಕಂಪ್ರೆಸರ್ ಹೊತ್ತಿಕೊಳ್ಳುವ ಕ್ಷಣದಲ್ಲಿ ಅದರ ಹಲವು ಪಟ್ಟು. ಹಾಗಾಗಿ ಮೀಟರ್ ಬೋರ್ಡಿನಿಂದ ಬೇರೆಯದೇ ವೈರು, ಬೇರೆಯದೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್. ಎಕ್ಸ್‌ಟೆನ್ಷನ್ ಬೋರ್ಡು ಎಂಬ ಮಾತೇ ಬೇಡ. ವೋಲ್ಟೇಜ್ ಏರುಪೇರಾಗುವ ಜಾಗವಾದರೆ ಸ್ಟೆಬಿಲೈಸರ್ ಹಾಕಿಸಿ.

ಕೂರಿಸಿದ ದಿನ ಒಂದು ಪರೀಕ್ಷೆ ಮಾಡಿ. ಒಂದು ಗಂಟೆ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಹಿಂದೆಗೆಯುವಷ್ಟು ಬಿಸಿಯಿದ್ದರೆ ಸಾಕೆಟ್ಟಿನೊಳಗೆ ಹಿಡಿತ ಸಡಿಲ ಎಂದರ್ಥ. ಅದನ್ನು ಅಂದೇ ಬದಲಾಯಿಸಿ. ಕರಗಿದ ಪ್ಲಗ್ಗುಗಳ ಕತೆ ಎಲ್ಲ ಶುರುವಾಗುವುದು ಹೀಗೇ.

ಕೂರಿಸುವ ದಿನ

ಯಂತ್ರದ ತೂಕ 35ರಿಂದ 60 ಕಿಲೋ. ಅದರಲ್ಲೂ ಹೆಚ್ಚಿನ ಭಾರ ಕಂಪ್ರೆಸರ್ ಇರುವ ಹಿಂಬದಿಯಲ್ಲೇ, ಅಂದರೆ ಹೊರಕ್ಕೆ ಚಾಚಿದ ಕಡೆ. ಮೇಲ್ಮಹಡಿಯ ಕಿಟಕಿಗೆ ಇಬ್ಬರು ಬೇಕೇ ಬೇಕು, ಕೆಳಗೆ ಯಾರೂ ನಿಲ್ಲಬಾರದು. ಕಿಟಕಿಯ ಮರದ ಚೌಕಟ್ಟಿನ ಮೇಲೆ ಪೂರ್ತಿ ಭಾರ ಬಿಡಬೇಡಿ. ಗೋಡೆಗೆ ಬೋಲ್ಟ್ ಹಾಕಿದ ಆಂಗಲ್ ಸ್ಟ್ಯಾಂಡ್ ಕೆಳಗಿರಲಿ. ಸಾಗಿಸುವಾಗ ಯಂತ್ರವನ್ನು ಮಗ್ಗುಲಾಗಿ ಮಲಗಿಸಿದ್ದರೆ ನೆಟ್ಟಗಿಟ್ಟು ಕೆಲವು ಗಂಟೆ ಬಿಟ್ಟು ಆಮೇಲೆ ಹಾಕಿ, ಕಂಪ್ರೆಸರ್‌ನ ಎಣ್ಣೆ ಕೆಳಗಿಳಿಯಬೇಕು.

ಹಿಂಬದಿ ಕೊಂಚ ಕೆಳಗಿರಲಿ, ಒಂದು ಬೆರಳಿನ ದಪ್ಪದ ಅರ್ಧದಷ್ಟು. ಆಗ ನೀರು ಒಳಗೆ ತೊಟ್ಟಿಕ್ಕದೆ ಹಿಂದಕ್ಕೆ ಹರಿಯುತ್ತದೆ. ಕೆಲವು ಹೊಸ ಮಾದರಿಗಳ ತಳದಲ್ಲೇ ಈ ಇಳಿಜಾರು ಇರುವುದರಿಂದ ಅವನ್ನು ಮಟ್ಟವಾಗಿಯೇ ಕೂರಿಸಬೇಕು. ಕೈಪಿಡಿಯಲ್ಲಿ ಈ ಒಂದು ಪುಟವನ್ನಾದರೂ ಓದಿ.

ಹಿಂದಿನಿಂದ 'ಚಳ್ ಚಳ್' ಎಂದು ನೀರು ಎರಚುವ ಸದ್ದು ಕೇಳಿ ಗಾಬರಿಯಾಗುವವರಿದ್ದಾರೆ. ಅನೇಕ ಮಾದರಿಗಳ ಹಿಂದಿನ ಫ್ಯಾನಿನ ರೆಕ್ಕೆಗಳಿಗೆ ಸುತ್ತ ಒಂದು ಬಳೆ ಇರುತ್ತದೆ. ಅದು ಯಂತ್ರದ ತಳದ ತಟ್ಟೆಯಲ್ಲಿ ನಿಂತ ತಣ್ಣೀರನ್ನು ಬಿಸಿ ಕಾಯಿಲ್ ಮೇಲೆ ಬೇಕೆಂದೇ ಚಿಮ್ಮಿಸುತ್ತದೆ, ಕಾಯಿಲ್ ತಣಿಯಲಿ ಎಂದು. ಒಳ್ಳೆಯ ಜಾಣತನ. ಸದ್ದು ತಡೆಯಲಾಗದೆ ತಟ್ಟೆಯ ಬಿರಡೆ ತೆಗೆದು ನೀರೆಲ್ಲ ಬಸಿದುಬಿಟ್ಟರೆ ಆ ಲಾಭ ಹೋಗುತ್ತದೆ.

ಸುತ್ತಲ ಸಂದುಗಳನ್ನು ಫೋಮ್ ಪಟ್ಟಿಯಿಂದ ಬಿಗಿಯಾಗಿ ತುಂಬಿ. ರಾತ್ರಿ ಕೋಣೆಯ ದೀಪ ಆರಿಸಿ, ಹೊರಗಿನಿಂದ ಯಾರಾದರೂ ಟಾರ್ಚ್ ಹಿಡಿದರೆ ಬೆಳಕು ತೂರುವ ಕಡೆಗಳೆಲ್ಲ ಕಾಣುತ್ತವೆ. ಬೆಳಕು ಬಂದಲ್ಲಿ ಧಗೆಯೂ ಬರುತ್ತದೆ, ಸೊಳ್ಳೆಯೂ. ಕೆಳಗೆ ರಬ್ಬರ್ ತುಂಡುಗಳನ್ನಿಟ್ಟರೆ ನಡುಕ ಗೋಡೆಗೆ ಇಳಿಯುವುದಿಲ್ಲ. ಬದಿಯ ಕಿಂಡಿಗಳಿಗೆ ಮಾತ್ರ ಫೋಮ್ ತುರುಕಬೇಡಿ. ನಗಬೇಡಿ, ಕಣ್ಣಾರೆ ಕಂಡಿದ್ದೇನೆ.

ಮೊದಲ ದಿನವೇ ಥರ್ಮಾಮೀಟರ್

ಇದೊಂದನ್ನು ತಪ್ಪದೇ ಮಾಡಿ. ಕಡ್ಡಿಯಂಥ ಡಿಜಿಟಲ್ ಥರ್ಮಾಮೀಟರ್ ಸಾಕು. ಯಂತ್ರವನ್ನು ಜೋರು ಫ್ಯಾನಿನಲ್ಲಿ ಕಾಲು ಗಂಟೆ ಓಡಿಸಿ. ಒಳಗೆ ಎಳೆಯುವ ಜಾಲರಿಯ ಎದುರು ಹಿಡಿದು ಒಂದು ಓದು, ತಣ್ಣನೆ ಗಾಳಿ ಬರುವ ಬಾಯಿಯಲ್ಲಿ ಇನ್ನೊಂದು ಓದು. ಒಳಗೆ ಹೋಗುವುದು 29, ಹೊರಬರುವುದು 18 ಆದರೆ ಅಂತರ 11 ಡಿಗ್ರಿ. 8ರಿಂದ 12ರ ನಡುವೆ ಇದ್ದರೆ ಯಂತ್ರ ಸರಿಯಾಗಿದೆ. ಹವೆ ತೀರಾ ತೇವವಾಗಿದ್ದರೆ ಅಂತರ ಸ್ವಲ್ಪ ಕಡಿಮೆ ಕಾಣುತ್ತದೆ. ಈ ಸಂಖ್ಯೆಯನ್ನು ತಾರೀಖಿನ ಜತೆ ಬರೆದು ಯಂತ್ರದ ಬದಿಗೇ ಅಂಟಿಸಿ.

ಎರಡು ವರ್ಷದ ಮೇಲೆ ಯಾರಾದರೂ ಬಂದು ಗ್ಯಾಸ್ ಹೋಗಿದೆ ಎಂದರೆ ಮತ್ತೆ ಅಳೆಯಿರಿ. ಆಗ 11 ಇದ್ದದ್ದು ಈಗಲೂ 10 ಇದ್ದರೆ ಗ್ಯಾಸ್ ಎಲ್ಲಿಗೂ ಹೋಗಿಲ್ಲ. ಕೋಣೆಗೆ ಬಿಸಿ ಬರುವ ದಾರಿ ಹೊಸದಾಗಿ ಎಲ್ಲೋ ತೆರೆದಿದೆ, ಅಷ್ಟೇ. ನನ್ನ ಬಳಿ ಆಗ ಇಂಥದೊಂದು ಚೀಟಿ ಇದ್ದಿದ್ದರೆ ಆ ಎರಡು ಖರ್ಚು ಉಳಿಯುತ್ತಿತ್ತು.

ದಿನನಿತ್ಯದ ಬಳಕೆ

ಸೆಕೆಯಿಂದ ಬಂದವರೇ ರಿಮೋಟ್ ಹಿಡಿದು 18ಕ್ಕೆ ಇಳಿಸುತ್ತಾರೆ. ಸಾದಾ ಕಂಪ್ರೆಸರ್‌ಗೆ ಗೊತ್ತಿರುವುದು ಎರಡೇ, ಓಡುವುದು ಮತ್ತು ನಿಲ್ಲುವುದು. 18ಕ್ಕಿಟ್ಟರೂ 25ಕ್ಕಿಟ್ಟರೂ ಕೋಣೆ 25 ಮುಟ್ಟಲು ಹಿಡಿಯುವ ಹೊತ್ತು ಅಷ್ಟೇ. ವ್ಯತ್ಯಾಸ ಆಮೇಲೆ, ನೀವು ನಿದ್ದೆಹೋದ ಮೇಲೆ. 18 ಮುಟ್ಟಲಾಗದೆ ಅದು ರಾತ್ರಿಯಿಡೀ ಓಡುತ್ತದೆ. 25 ಅಥವಾ 26ಕ್ಕಿಟ್ಟು ಚಾವಣಿ ಫ್ಯಾನನ್ನು ಮೆಲ್ಲಗೆ ತಿರುಗಿಸಿ. ಮೈಗೆ ಎರಡು ಮೂರು ಡಿಗ್ರಿ ಇನ್ನೂ ತಂಪಾಗಿ ತೋರುತ್ತದೆ. ಒಂದೊಂದು ಡಿಗ್ರಿ ಏರಿಸಿದಾಗ ಶೇಕಡಾ 5–6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬ ಅಂದಾಜು ಚಾಲ್ತಿಯಲ್ಲಿದೆ.

ಬಿಲ್ಲಿನ ಲೆಕ್ಕ ಸುಲಭ. 1,500 ವಾಟ್‌ನ ಯಂತ್ರ ಎಂಟು ಗಂಟೆ ಹಾಕಿದ್ದೀರಿ, ಕಂಪ್ರೆಸರ್ ಓಡಿದ್ದು ಅದರಲ್ಲಿ ನೂರಕ್ಕೆ ಅರವತ್ತು ಪಾಲು ಅಂತಿಟ್ಟುಕೊಳ್ಳಿ. ಒಂದೂವರೆ ಗುಣಿಸು ಎಂಟು ಗುಣಿಸು 0.6, ಅಂದರೆ 7.2 ಯೂನಿಟ್. ಮೂವತ್ತು ದಿನಕ್ಕೆ 216. ನಿಮ್ಮ ದರದಿಂದ ಗುಣಿಸಿಕೊಳ್ಳಿ.

ಆರಿಸಿದ ಯಂತ್ರವನ್ನು ಮತ್ತೆ ಹಾಕುವ ಮುನ್ನ ಮೂರು ನಿಮಿಷ ಕಾಯಿರಿ. ಒಳಗೆ ಒಂದು ಕಡೆ ಒತ್ತಡ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇರುತ್ತದೆ. ಅದು ಕೂದಲೆಳೆಯಂಥ ಸಣ್ಣ ಕೊಳವೆಯ ಮೂಲಕ ಸಮನಾಗಬೇಕು. ಅದಕ್ಕೆ ಮೊದಲೇ ಹಾಕಿದರೆ ಕಂಪ್ರೆಸರ್ ತಿರುಗಲಾರದೆ ಗುಂಯ್‌ಗುಟ್ಟಿ ಕಟ್ ಆಗುತ್ತದೆ. ಎಲೆಕ್ಟ್ರಾನಿಕ್ ಮಾದರಿಗಳು ತಾವೇ ಕಾಯುತ್ತವೆ. ಗುಂಡಿ ತಿರುಗಿಸುವ ಮಾದರಿಗೆ, ಕರೆಂಟು ಹೋಗಿ ಬಂದಾಗ, ಕಾಯಬೇಕಾದವರು ನೀವು.

ಬಾಗಿಲು ತೆರೆದಿಟ್ಟು ಎಸಿ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಬಾಗಿಲ ಕೆಳಗಿನ ಸಂದಿಗೂ ಒಂದು ಬಟ್ಟೆ ಸುರುಳಿ ಇಡಿ, ತಣ್ಣನೆ ಗಾಳಿ ಭಾರ, ನೆಲದ ಮೇಲೇ ಜಾರಿ ಹೋಗುತ್ತದೆ. ಅದೇ ಕಾರಣಕ್ಕೆ ಗಾಳಿಪಟ್ಟಿಗಳನ್ನು ಮೇಲ್ಮುಖವಾಗಿ ತಿರುಗಿಸಿ. ಮುಖದ ಮೇಲೆ ನೇರ ಬಿಟ್ಟುಕೊಂಡು ಮಲಗಿದರೆ ಬೆಳಿಗ್ಗೆ ಗಂಟಲು ಒಣಗಿರುತ್ತದೆ, ಕತ್ತು ಹಿಡಿದಿರುತ್ತದೆ. ಮಗುವಿನ ತೊಟ್ಟಿಲು, ಹಿರಿಯರ ಮಂಚ ಗಾಳಿಯ ನೇರಕ್ಕೆ ಬೇಡವೇ ಬೇಡ.

ಹಿಂದಿನಿಂದ ಬಸಿಯುವ ನೀರು ನೆಲ ಒರೆಸಲು ಅಡ್ಡಿಯಿಲ್ಲ. ಕುಡಿಯಲು ಬೇಡ, ಬ್ಯಾಟರಿಗೂ ಬೇಡ. ಕಾಯಿಲ್‌ನ ಧೂಳು, ಲೋಹದ ಕಣ ಎಲ್ಲ ಅದರಲ್ಲಿರುತ್ತದೆ.

ತೊಳೆಯುವುದು

ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತಣ್ಣೀರಲ್ಲಿ, ಕೊಳೆ ಕೂತ ಬದಿಗೆ ವಿರುದ್ಧ ದಿಕ್ಕಿನಿಂದ ನೀರು ಬಿಟ್ಟು ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ಒದ್ದೆ ಫಿಲ್ಟರ್ ಹಾಕಿದರೆ ಕೋಣೆ ಮುಗ್ಗಲು ವಾಸನೆ ಹೊಡೆಯುತ್ತದೆ. ಫಿಲ್ಟರ್ ತೆಗೆದಾಗ ಕಾಯಿಲ್ ಎದುರು ಒಂದು ತೆಳ್ಳನೆಯ ಕಡ್ಡಿಯೋ ಗುಂಡಿಯೋ ಕ್ಲಿಪ್ಪಿನಲ್ಲಿ ಕಾಣುತ್ತದೆ. ಅದು ಕೋಣೆಯ ಬಿಸಿ ಅಳೆಯುವ ಥರ್ಮೋಸ್ಟಾಟ್. ಬಗ್ಗಿ ಕಾಯಿಲ್‌ಗೆ ತಾಗಿದ್ದರೆ ಕಾಯಿಲ್‌ನ ತಂಪನ್ನೇ ಕೋಣೆಯ ತಂಪೆಂದು ತಿಳಿದು ಕಂಪ್ರೆಸರನ್ನು ಬೇಗ ನಿಲ್ಲಿಸಿಬಿಡುತ್ತದೆ. ಮೆಲ್ಲಗೆ ಈಚೆಗೆ ಸರಿಸಿ, ಅರ್ಧ ದೂರು ಅಲ್ಲೇ ಮುಗಿಯಬಹುದು.

ವರ್ಷಕ್ಕೊಮ್ಮೆ ಪ್ಲಗ್ ಕಿತ್ತು, ಯಂತ್ರವನ್ನು ಹೊರತೆಗೆದು ಹಿಂದಿನ ಕಾಯಿಲ್ ಪೂರ್ತಿ ತೊಳೆಸಿ. ಮೋಟರ್, ವೈರಿಂಗ್ ಭಾಗವನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿರಬೇಕು. ಅಲ್ಯೂಮಿನಿಯಂ ಎಸಳುಗಳು ಕಾಗದದಷ್ಟು ತೆಳು. ಕಾರು ತೊಳೆಯುವ ಜೋರು ನೀರು ಬಿಟ್ಟರೆ ಮಡಿಚಿ ಗಾಳಿಗೆ ಗೋಡೆಯಾಗುತ್ತವೆ. ತಟ್ಟೆಯ ಲೋಳೆ ತೆಗೆಸಿ. ಹಕ್ಕಿಗೂಡು, ಕಣಜದ ಗೂಡು ಇದೆಯೇ ನೋಡಿ. ಮೊಟ್ಟೆ ಇದ್ದರೆ ಮರಿ ಹಾರುವವರೆಗೆ ಫ್ಯಾನೇ ಗತಿ.

ಗ್ಯಾಸ್ ಎಂಬ ಮಂತ್ರ

ಎಸಿಯ ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಅನಿಲ ವರ್ಷಗಟ್ಟಲೆ ಸುತ್ತುತ್ತದೆ. ಕಿಟಕಿ ಎಸಿಯಲ್ಲಂತೂ ಎಲ್ಲ ಜೋಡಣೆಯೂ ಕಾರ್ಖಾನೆಯಲ್ಲೇ ಬೆಸೆದು ಬಂದಿರುತ್ತದೆ. ಒಳಗೊಂದು ಹೊರಗೊಂದು ಪೆಟ್ಟಿಗೆಯ ಸ್ಪ್ಲಿಟ್ ಎಸಿಯಂತೆ ಮನೆಯಲ್ಲಿ ಪೈಪು ಕೂಡಿಸುವ ಕೆಲಸವೇ ಇಲ್ಲ. ಗ್ಯಾಸ್ ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ತುಂಬಿಸುವುದು ಒಡೆದ ಕೊಡಕ್ಕೆ ನೀರು ಹೊಯ್ದ ಹಾಗೆ. "ಎಲ್ಲಿ ಸೋರ್ತಿದೆ ತೋರಿಸಿ, ಬೆಸುಗೆ ಹಾಕಿ, ನೈಟ್ರೋಜನ್ ಒತ್ತಡ ಕೊಟ್ಟು ಪರೀಕ್ಷೆ ಮಾಡಿ, ಆಮೇಲೆ ತೂಕ ಮಾಡಿ ತುಂಬಿ" ಎಂದು ಮೆಕ್ಯಾನಿಕ್‌ಗೆ ಹೇಳಿ. ಸಾಬೂನು ನೊರೆ ಹಚ್ಚಿದರೆ ಗುಳ್ಳೆ ಏಳುವುದನ್ನು ನೀವೂ ನೋಡಬಹುದು.

ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ಈ ಕ್ರಮದಲ್ಲಿ ನೋಡಿ: ಫಿಲ್ಟರ್, ಮುಂದಿನ ಕಾಯಿಲ್, ಬದಿಯ ಕಿಂಡಿ, ಹಿಂದಿನ ಕಾಯಿಲ್, ಸಂದುಗಳು. ಮುಂದಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಚಾಕುವಿನಿಂದ ಕೆರೆಯಬೇಡಿ, ಪೈಪು ತೂತಾದರೆ ಯಂತ್ರದ ಕತೆ ಮುಗಿಯಿತು. ಬರೀ ಫ್ಯಾನಿನಲ್ಲಿ ಒಂದೆರಡು ಗಂಟೆ ಬಿಡಿ, ಕರಗುತ್ತದೆ. ಫಿಲ್ಟರ್ ತೊಳೆದ ಮೇಲೂ ಮತ್ತೆ ಕಟ್ಟಿದರೆ ಆಗ ಗ್ಯಾಸಿನ ಮೇಲೆ ಅನುಮಾನ ಪಡಿ.

ಫ್ಯಾನು ತಿರುಗುತ್ತದೆ, ಕಂಪ್ರೆಸರ್ ಮಾತ್ರ ಗುಂಯ್ ಎಂದು ಕೆಲವು ಸೆಕೆಂಡಿಗೆ 'ಟಕ್' ಎಂದು ನಿಲ್ಲುತ್ತದೆ, ಕೆಲವು ನಿಮಿಷ ಬಿಟ್ಟು ಮತ್ತೆ ಅದೇ. ವೋಲ್ಟೇಜ್ ಸರಿಯಿದ್ದರೆ ಬಹುತೇಕ, ಕಂಪ್ರೆಸರ್ ಹೊರಡಲು ಒದೆ ಕೊಡುವ ಕೆಪಾಸಿಟರ್ ಸತ್ತಿರುತ್ತದೆ. ಇದು ಸಣ್ಣ ರಿಪೇರಿ. ಕಂಪ್ರೆಸರೇ ಹೋಗಿದೆ ಎಂದವರ ಮಾತು ನಂಬುವ ಮೊದಲು ಹೊಸ ಕೆಪಾಸಿಟರ್ ಹಾಕಿಸಿ ನೋಡಿ. ನೀವಾಗಿ ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ಸುಟ್ಟ ವಾಸನೆ, ಯಂತ್ರದ ಮೈ ಮುಟ್ಟಿದರೆ ಜುಮ್ಮೆನ್ನುವುದು, ಎಂಸಿಬಿ ಮತ್ತೆ ಮತ್ತೆ ಬೀಳುವುದು, ಈ ಮೂರರಲ್ಲಿ ಯಾವುದಿದ್ದರೂ ಪ್ರಯೋಗ ಸಾಕು, ಬಲ್ಲವರನ್ನು ಕರೆಸಿ.

ಸೆಕೆಗಾಲ ಮುಗಿದ ಮೇಲೆ

ಕೊನೆಯ ಸಲ ಬಳಸಿದ ಮೇಲೆ ಅರ್ಧ ದಿನ ಬರೀ ಫ್ಯಾನ್ ಓಡಿಸಿ ಒಳಗನ್ನು ಒಣಗಿಸಿ. ಫಿಲ್ಟರ್ ತೊಳೆದು ಹಾಕಿ, ಪ್ಲಗ್ ಕಿತ್ತಿಡಿ, ರಿಮೋಟಿನ ಸೆಲ್ ತೆಗೆದಿಡಿ. ಯಂತ್ರ ಕಿಟಕಿಯಲ್ಲೇ ಇರುವುದಾದರೆ ಹೊರಗಿನ ಮೇಲ್ಭಾಗಕ್ಕೆ ಮಾತ್ರ ಹೊದಿಕೆ ಕಟ್ಟಿ. ಮಳೆ ಬಿದ್ದರೆ ಯಂತ್ರಕ್ಕೇನೂ ಆಗದು. ಪೂರ್ತಿ ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಮುಂದಿನ ಬೇಸಿಗೆಯಲ್ಲಿ ಸ್ವಿಚ್ ಒತ್ತುವ ಮೊದಲು ಆ ಹೊದಿಕೆ ಬಿಚ್ಚಲು ನೆನಪಿಡಿ, ಬದಿಗೆ ಅಂಟಿಸಿದ ಚೀಟಿಯಲ್ಲಿ ಅದನ್ನೂ ಒಂದು ಸಾಲು ಬರೆದುಬಿಡಿ.